ಹಿರಿಯರ ಪೆಟ್ಟಿಗೆಯಲ್ಲಿ ಚೀನದ ಪಾತ್ರೆ

ಊರಿನ ಮನೆ ಕೈಬಿಟ್ಟಾಗ ಅಲ್ಲಿಯ ಪಾತ್ರೆ ಪಡಗಗಳು ಮುಂಬಯಿಯ ಹಾದಿ ಹಿಡಿಯುವುದು ನಮ್ಮಂಥ ಸಂಸಾರಗಳಲ್ಲಿ ಹೊಸ ಸಂಗತಿಯೇನೂ ಅಲ್ಲ. ಹಂಡೆಯನ್ನು ಹೂಡಲು ಇಲ್ಲಿ ಬಚ್ಚಲ ಒಲೆಯಿಲ್ಲ. ಕೊಪ್ಪರಿಗೆಯನ್ನು ಕವುಚಿಡಲು ಅಂಗಳವಿಲ್ಲ. ಅಂಥವು ಊರಿನಲ್ಲಿಯೇ ತೂಕಕ್ಕೆ ಹೋಗುತ್ತವೆ. ಉಳಿದ ಚಿಕ್ಕಪುಟ್ಟ ಸಾಮಾನು ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಕುಳಿತು, ಡೊಂಬಿವಲಿಯ ಮೂರನೆಯ ಮಾಳಿಗೆಯನ್ನೇರಿ, ಮಂಚದ ಕೆಳಗೆ ಸೇರಿಕೊಂಡು, ಯಾವುದಾದರೊಂದು ದೀಪಾವಳಿಯ ಗುಡಿಸುವ ದಿನದ ವರೆಗೆ ವಿಶ್ರಾಂತಿ ಪಡೆಯುತ್ತದೆ.

ಕುಮಟೆಯ ಹತ್ತಿರದ ನಮ್ಮ ಹಿರಿಯರ ಮನೆ ಮಾರಾಟವಾದಾಗ ನಮ್ಮ ಪಾಲಿಗೂ ಇಂಥದೊಂದು ಪೆಟ್ಟಿಗೆ ಬಂತು. ಅದರಲ್ಲಿದ್ದ ತಂಬಿಗೆ, ಪಂಚಪಾತ್ರೆ, ಸಮೆಗಳೆಲ್ಲ ಗುರುತಿನವೇ. ಗುರುತು ಹತ್ತದ ವಸ್ತುಗಳು ಮೂರು. ಒಂದು, ಮೂರು ಗಿಡ್ಡ ಕಾಲುಗಳ ಮೇಲೆ ಕುಳಿತ, ಎರಡು ಕಿವಿಗಳುಳ್ಳ, ಅಂಗೈಯಗಲದ ಒಂದು ಕಂದು ಪಾತ್ರೆ. ಅದರ ತಳದಲ್ಲಿ ಆರು ಚೀನೀ ಅಕ್ಷರಗಳು. ಎರಡು, ಬೆಳ್ಳಿಯಂತೆ ಕಾಣುವ ಒಂದು ಚಹದ ಕೆಟಲ್. ಮೂರು, ಬೆಳ್ಳಿಯ ಬಳ್ಳಿ ಹಬ್ಬಿದ ಒಂದು ಕಪ್ಪು ಹೂಜಿ. ಮೂರೂ ಚೀನದಿಂದಲೇ ಬಂದಿರಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು.

ಅಷ್ಟಕ್ಕೇ ನಿಂತಿದ್ದರೆ ಈ ಲೇಖನಕ್ಕೆ ಕಾರಣವಿರುತ್ತಿರಲಿಲ್ಲ. ಮನೆಯ ಹುಡುಗನೊಬ್ಬ ಮೊಬೈಲಿನಿಂದ ಆ ಆರು ಅಕ್ಷರಗಳ ಚಿತ್ರ ತೆಗೆದ. ಕ್ಷಣಮಾತ್ರದಲ್ಲಿ ಅದರ ಅರ್ಥ ಮೂಡಿತು: ‘ಮಹಾ ಮಿಂಗ್ ವಂಶದ ಶುವಾನ್-ದೆ ಆಳಿಕೆಯಲ್ಲಿ ಮಾಡಿದ್ದು.’ ಆ ಆಳಿಕೆಯ ಕಾಲ ಕ್ರಿ. ಶ. 1426ರಿಂದ 1435. ಎಂದರೆ ಸುಮಾರು ಆರು ನೂರು ವರ್ಷ! ಪರಿಚಯದ ಒಬ್ಬ ಹಳೆಯ ವಸ್ತುಗಳ ವ್ಯಾಪಾರಿ ಚಿತ್ರ ನೋಡಿ “ಲಕ್ಷಗಳಲ್ಲಿ ಮಾತಾಡಿ” ಎಂದ. ಅದೇ ವಾರ ಬಾಗಿಲಿಗೆ ಬಂದ ಭಂಗಾರ್‌ವಾಲಾ ಅದನ್ನು ತಕ್ಕಡಿಗೆ ಹಾಕಿ ಹಿತ್ತಾಳೆಯ ದರ ಹೇಳಿದ. ನಾವು ನಂಬಿದ್ದು ಮೊದಲಿನವನನ್ನೇ ಎಂದು ಬೇರೆ ಹೇಳಬೇಕಾಗಿಲ್ಲ.

ನೆರೂಳಿನಲ್ಲಿರುವ ಅಣ್ಣ, ಪಾತ್ರೆ ಅಮೇರಿಕೆಯಲ್ಲಿರುವ ತನ್ನ ಮಗಳಿಗೆ ಹೋಗಲಿ, ಅವಳು ಬಹಳ ದಿನದಿಂದ ಹಿರಿಯರ ನೆನಪಿಗೊಂದು ವಸ್ತು ಕೇಳುತ್ತಿದ್ದಾಳೆ ಎಂದ. ಠಾಣೆಯ ತಂಗಿ, ಮಾರಿ ಮೂರು ಪಾಲು ಮಾಡುವುದೇ ನ್ಯಾಯವೆಂದಳು. ಪೆಟ್ಟಿಗೆಯನ್ನು ಹೊತ್ತು ತಂದವರು ನಾವು. ನಮಗೂ ಒಂದು ಅಭಿಪ್ರಾಯವಿತ್ತು. ಮಾತಿಗೆ ಮಾತು ಬೆಳೆಯಿತು. ಆ ವರ್ಷ ಚೌತಿಗೆ ನಮ್ಮ ಮನೆಗೆ ಯಾರೂ ಬರಲಿಲ್ಲ. ಪೆಟ್ಟಿಗೆಯಲ್ಲಿ ಇಷ್ಟು ವರ್ಷ ಸುಮ್ಮನಿದ್ದ ಪಾತ್ರೆ ಮೂರು ಮನೆಗಳನ್ನು ಮಾತು ಬಿಡಿಸಿತು.

ಜಗಳವನ್ನು ನಿಲ್ಲಿಸುವುದಕ್ಕಾದರೂ ಅದರ ನಿಜವಾದ ವಯಸ್ಸನ್ನು ತಿಳಿಯಬೇಕಾಯಿತು. ಆ ಓಡಾಟದಲ್ಲಿ ನಾವು ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ. ಕಲ್ಯಾಣದಿಂದ ವಾಶಿಯ ವರೆಗೆ ನಮ್ಮವರ ಎಷ್ಟು ಮಂಚಗಳ ಕೆಳಗೆ ಇಂಥ ಪೆಟ್ಟಿಗೆಗಳಿವೆಯೋ ಬಲ್ಲವರಾರು?

ಚೀನದ ಸಾಮಾನು ನಮ್ಮ ಕಡೆ ಬಂದದ್ದೆಂತು?

ಕುಮಟೆಯ ಮನೆಗೆ ಚೀನದ ಪಾತ್ರೆ ಬಂದುದು ವಿಚಿತ್ರವಾಗಿ ತೋರಬಹುದು. ಆದರೆ ಈ ಕರಾವಳಿಗೆ ಚೀನ ಹೊಸತಲ್ಲ. ನಾವು ನಿತ್ಯ ಲೋಕಲ್ ಗಾಡಿ ಬದಲಾಯಿಸುವ ಕಲ್ಯಾಣವೇ ಇದಕ್ಕೆ ಸಾಕ್ಷಿ. ಆರನೆಯ ಶತಮಾನದಲ್ಲಿ ಕಾಸ್ಮಾಸ್ ಎಂಬ ಗ್ರೀಕ್ ಬರಹಗಾರ, ಚೀನದ ಕಡೆಯಿಂದ ರೇಶಿಮೆ ಮೊದಲಾದ ಸರಕು ಸಿಂಹಳಕ್ಕೆ ಬಂದು ಅಲ್ಲಿಂದ ‘ಕಲ್ಲಿಯಾನ’ ಮುಂತಾದ ಪೇಟೆಗಳಿಗೆ ಹೋಗುತ್ತಿತ್ತೆಂದೂ, ಕಲ್ಲಿಯಾನದಿಂದ ತಾಮ್ರವೂ ಬಟ್ಟೆಯೂ ಹೊರಗೆ ಹೋಗುತ್ತಿದ್ದವೆಂದೂ ಬರೆದಿದ್ದಾನೆ. ವಿದ್ವಾಂಸರು ಈ ಕಲ್ಲಿಯಾನವನ್ನು ನಮ್ಮ ಕಲ್ಯಾಣವೆಂದೇ ಗುರುತಿಸುತ್ತಾರೆ. ಮುಂದೆ 1405ರಿಂದ 1433ರ ವರೆಗೆ ಚೀನದ ನೌಕಾಧಿಪತಿ ಝೆಂಗ್ ಹೆ ಏಳು ಸಲ ಹಡಗುಗಳ ದೊಡ್ಡ ತಂಡದೊಡನೆ ಹಿಂದೂ ಮಹಾಸಾಗರಕ್ಕೆ ಬಂದ. ಕಲ್ಲಿಕೋಟೆ ಅವನ ಮುಖ್ಯ ತಂಗುದಾಣಗಳಲ್ಲೊಂದು. ಮಲಯಾಳದಲ್ಲಿ ಬಾಣಲೆಗೆ ಇಂದಿಗೂ ‘ಚೀನಚಟ್ಟಿ’ ಎನ್ನುತ್ತಾರೆ; ಕಾಸರಗೋಡಿನ ಕಡೆಯ ನಮ್ಮವರಿಗೆ ಈ ಮಾತು ಹೊಸತಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿಗೂ ಕ್ಯಾಂಟನ್ನಿಗೂ ನಡುವೆ ಅರಳೆ, ಅಫೀಮುಗಳ ದೊಡ್ಡ ವ್ಯಾಪಾರ ನಡೆಯಿತು. ಸರ್ ಜಮಶೇಟ್‌ಜಿ ಜೀಜೀಭಾಯಿ (1783–1859) ತಾರುಣ್ಯದಲ್ಲಿ ಹಲವು ಬಾರಿ ಚೀನಕ್ಕೆ ಹೋಗಿಬಂದು ಸಂಪತ್ತು ಗಳಿಸಿದವರು. ಹಡಗುಗಳ ಹಿಂದೆ ಹಡಗಿನ ಆಳುಗಳೂ ಉಂಟಷ್ಟೆ. ಮುಂಬಯಿಯ ಮಜಗಾಂವ್ ಭಾಗದಲ್ಲಿ ಚೀನೀ ಜನ 1919ರಲ್ಲಿ ಸ್ಥಾಪಿಸಿದ ದೇವಮಂದಿರವೊಂದು ಇಂದಿಗೂ ಇದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯೂ 1862ರಿಂದ 1956ರ ವರೆಗೆ ಮುಂಬಯಿ ಆಡಳಿತಕ್ಕೇ ಸೇರಿತ್ತು. ಕೆಲಸ ಬೇಕಾದವನು ಮುಂಬಯಿಗೆ ಬರುತ್ತಿದ್ದ. ಮುಂಬಯಿಗೆ ಬಂದವನಿಗೆ ಬಂದರು ಎದುರಿಗೇ ಇತ್ತು. ಆದುದರಿಂದ ಪಾತ್ರೆ ಬಂದ ದಾರಿಯ ವಿಷಯದಲ್ಲಿ ಆಶ್ಚರ್ಯಪಡಬೇಕಾದುದಿಲ್ಲ. ಅದು ಯಾವಾಗ ಬಂತು ಎಂಬುದೇ ಪ್ರಶ್ನೆ.

ಮುದ್ರೆ ಏನು ಹೇಳುತ್ತದೆ?

ಇಂಥ ಪಾತ್ರೆ ಕೈಗೆ ಬಂದೊಡನೆ ಎಲ್ಲರೂ ಮಾಡುವ ಕೆಲಸವೆಂದರೆ ತಳವನ್ನು ತಿರುಗಿಸಿ ಅಕ್ಷರ ಹುಡುಕುವುದು. ಅಕ್ಷರಗಳೇನೋ ಸಿಗುತ್ತವೆ. ಸಾಮಾನ್ಯವಾಗಿ ಆರು, ಕೆಲವೊಮ್ಮೆ ನಾಲ್ಕು. ಮೇಲಿಂದ ಕೆಳಕ್ಕೆ, ಬಲದಿಂದ ಎಡಕ್ಕೆ ಓದಬೇಕು. ವಂಶದ ಹೆಸರು, ದೊರೆಯ ಆಳಿಕೆಯ ಹೆಸರು, ‘ಈ ಕಾಲದಲ್ಲಿ ಮಾಡಿದ್ದು’ ಎಂಬ ಮಾತು: ಇಷ್ಟೇ ಅದರ ಒಕ್ಕಣೆ.

ಆದರೆ ಈ ಒಕ್ಕಣೆಯನ್ನು ನಂಬುವಂತಿಲ್ಲ. ಶುವಾನ್-ದೆ ದೊರೆ 1428ರಲ್ಲಿ ಸಯಾಮಿನಿಂದ ಬಂದ ತಾಮ್ರದಿಂದ ಸಾವಿರಾರು ಧೂಪಪಾತ್ರೆಗಳನ್ನು ಎರಕ ಹೊಯ್ಯಿಸಿದನೆಂದು ಚೀನದಲ್ಲಿ ಒಂದು ಪ್ರಸಿದ್ಧ ಕಥೆಯುಂಟು. ಆ ಕಥೆಯನ್ನು ಹೇಳುವ ಗ್ರಂಥವೇ ಬಹಳ ಕಾಲದ ಮೇಲೆ ಹುಟ್ಟಿದ್ದೆಂದು ಈಗಿನ ವಿದ್ವಾಂಸರ ಸಂಶಯ. ಕಥೆ ನಿಜವಿರಲಿ ಬಿಡಲಿ, ಅಂಥ ಪಾತ್ರೆಗಳ ಕೀರ್ತಿ ಮಾತ್ರ ನಿಜ. ಆದಕಾರಣ ಮುಂದಿನ ನಾಲ್ಕೈದು ನೂರು ವರ್ಷಗಳ ಕಾಲ ಚೀನದ ಎರಕದವರು ಧೂಪಪಾತ್ರೆ ಮಾಡಿದಾಗಲೆಲ್ಲ ತಳದಲ್ಲಿ ಶುವಾನ್-ದೆ ಎಂದೇ ಹಾಕುತ್ತ ಬಂದರು. ಹದಿನೇಳನೆಯ ಶತಮಾನದಲ್ಲಿ ಮಾಡಿದ್ದಕ್ಕೂ ಅದೇ ಮುದ್ರೆ. ಇಪ್ಪತ್ತನೆಯ ಶತಮಾನದ್ದಕ್ಕೂ ಅದೇ. ಕಾಂಗ್-ಶಿ (1662–1722), ಚಿಯೆನ್-ಲುಂಗ್ (1736–1795) ದೊರೆಗಳ ಮುದ್ರೆಗಳಿಗೂ ಇದೇ ಗತಿ.

ಹಾಗೆಂದು ಅವರೆಲ್ಲ ಮೋಸಗಾರರೆನ್ನಬಾರದು. ಮಾರಾಟಕ್ಕಾಗಿ ಮೋಸಮಾಡಿದವರೂ ಇದ್ದಾರು. ಆದರೆ ಬಹುಮಂದಿಗೆ ಅದು ಹಿಂದಿನವರಿಗೆ ಸಲ್ಲಿಸುವ ಮರ್ಯಾದೆ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತೇವಲ್ಲವೆ? ಹೆಸರು ಕೇಳಿದ ಮಾತ್ರಕ್ಕೆ ತೊಟ್ಟಿಲ ಕೂಸಿಗೆ ಅಜ್ಜನ ವಯಸ್ಸೆಂದು ಯಾರೂ ತಿಳಿಯುವುದಿಲ್ಲ. ನಾವು ಮಾಡಿದ ತಪ್ಪು ಅದೇ.

ಇಂಗ್ಲಿಷ್ ಅಕ್ಷರದ ಮುದ್ರೆಗಳು ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ. ತಳದಲ್ಲಿ ‘ಚೈನಾ’ ಎಂದು ಇಂಗ್ಲಿಷಿನಲ್ಲಿದ್ದರೆ ಆ ವಸ್ತು ಬಹುಮಟ್ಟಿಗೆ 1891ರ ಈಚಿನದು. ಅಮೇರಿಕೆಯ 1890ರ ಸುಂಕದ ಕಾಯಿದೆ, ಹೊರಗಿಂದ ಬರುವ ಸಾಮಾನಿನ ಮೇಲೆ ಅದು ಹುಟ್ಟಿದ ದೇಶದ ಹೆಸರಿರಬೇಕೆಂದು ವಿಧಿಸಿತು. ‘ಮೇಡ್ ಇನ್ ಚೈನಾ’ ಎಂಬ ಪೂರ್ಣ ಮಾತಿದ್ದರೆ ಸಾಮಾನ್ಯವಾಗಿ ಇಪ್ಪತ್ತನೆಯ ಶತಮಾನ. ಆದರೆ ಈ ಮಾತು ಇಲ್ಲದಿದ್ದರೆ ವಸ್ತು ಹಳೆಯದೆಂದು ಅರ್ಥವಲ್ಲ. ಹಡಗಿನ ಆಳೊಬ್ಬ ತನ್ನ ಗಂಟಿನಲ್ಲಿ ಕಟ್ಟಿ ತಂದ ಪಾತ್ರೆಗೆ ಅಮೇರಿಕೆಯ ಕಾಯಿದೆಯ ಗೊಡವೆಯೇನು?

ಇನ್ನು ಬೆಳ್ಳಿ. ಹೊರದೇಶದವರಿಗಾಗಿ ಚೀನದ ಅಕ್ಕಸಾಲಿಗರು ಬಹಳ ಬೆಳ್ಳಿಯ ಸಾಮಾನು ಮಾಡಿದ್ದಾರೆ. ಮೊದಮೊದಲು ಅವರು ಲಂಡನ್ನಿನ ಬೆಳ್ಳಿಯ ಮೇಲಿನ ಸಿಂಹ, ರಾಜನ ತಲೆ ಮುಂತಾದ ಮುದ್ರೆಗಳನ್ನು ನೋಡಿ ತಾವೂ ಅಂಥದನ್ನೇ ಒತ್ತುತ್ತಿದ್ದರು. ಹತ್ತೊಂಬತ್ತನೆಯ ಶತಮಾನ ಮುಂದುವರಿದಂತೆ ಅಂಗಡಿಯ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳು, ಪಕ್ಕದಲ್ಲಿ ಚೀನೀ ಅಕ್ಷರಗಳು, ಕೆಲವೊಮ್ಮೆ ‘90’ ಎಂಬ ಅಂಕೆ ಬಂದವು. ಅಂಕೆ ನೂರಕ್ಕೆ ತೊಂಬತ್ತು ಪಾಲು ಬೆಳ್ಳಿಯೆಂದು ಸೂಚಿಸುತ್ತದೆ. ಕ್ಯಾಂಟನ್ ಮತ್ತು ಹಾಂಗ್‌ಕಾಂಗಿನ ವಾಂಗ್ ಹಿಂಗ್ ಎಂಬ ಅಂಗಡಿಯ ‘ಡಬ್ಲ್ಯು ಎಚ್’ ಇಂಥ ಮುದ್ರೆಗಳಲ್ಲಿ ಹೆಸರಾದದ್ದು. ಮನೆಯ ಹಳೆಯ ಬೆಳ್ಳಿಯನ್ನು ಕರಗಿಸಲು ಕೊಡುವ ಮುನ್ನ ತಳವನ್ನೊಮ್ಮೆ ಭೂತಗನ್ನಡಿಯಿಂದ ನೋಡಿದರೆ ನಷ್ಟವೇನೂ ಇಲ್ಲ.

ಪಾತ್ರೆಯ ಮೈ ಏನು ಹೇಳುತ್ತದೆ?

ಮುದ್ರೆಯನ್ನು ಯಾರು ಬೇಕಾದರೂ ಹಾಕಬಹುದು. ಸವೆತವನ್ನು ಸುಲಭವಾಗಿ ಹಾಕಲಾಗುವುದಿಲ್ಲ. ನೂರಾರು ವರ್ಷ ನೆಲಕ್ಕೆ ತಾಗಿದ ಕಾಲು ತಾಗಿದ ಕಡೆ ಮಾತ್ರ ಸವೆದು ನುಣುಪಾಗಿರುತ್ತದೆ. ಎತ್ತಿ ಹಿಡಿಯುವ ಕಿವಿಗಳು ತೆಳುವಾಗುತ್ತವೆ. ಬಣ್ಣ ಉಬ್ಬಿದ ಕಡೆ ತಿಳಿಯಾಗಿ, ತಗ್ಗಿನಲ್ಲಿ ದಟ್ಟವಾಗಿ ನಿಲ್ಲುತ್ತದೆ. ಔಷಧ ಹಚ್ಚಿ ಹಳೆಯದು ಮಾಡಿದ ಪಾತ್ರೆಯಲ್ಲಿ ಕಪ್ಪು ಎಲ್ಲ ಕಡೆಗೂ ಒಂದೇ ಸಮನಾಗಿ ಹರಡಿರುವುದುಂಟು. ಕೈ ತಾಗದ ಒಳಸಂದಿಯಲ್ಲೂ ಸವೆತ ಕಂಡರೆ ಸಂಶಯಪಡಬೇಕು.

ಮಾಡಿದ ಬಗೆಯನ್ನೂ ನೋಡಬೇಕು. ಎರಕದ್ದೋ, ತಗಡಿನದೋ? ತಗಡನ್ನು ಯಂತ್ರದ ಮೇಲೆ ತಿರುಗಿಸಿ ಮಾಡಿದ್ದರೆ ಒಳಗೆ ಒಂದೇ ಅಂತರದ ಸಣ್ಣ ವೃತ್ತಗಳು ಕಾಣುತ್ತವೆ; ಅದು ಈಚಿನ ಕಾಲದ ಲಕ್ಷಣ. ಒಂದರಂತೆ ಒಂದಿರುವ ತಿರುಪುಮೊಳೆಗಳು ಯಂತ್ರಯುಗದವು. ಅಕ್ಷರಗಳು ಎರಕದಲ್ಲಿಯೇ ಬಂದವೋ, ಆಮೇಲೆ ಉಳಿಯಿಂದ ಕೊರೆದವೋ ಎಂಬುದನ್ನು ಅಕ್ಷರದ ಅಂಚು ಹೇಳುತ್ತದೆ. ಇವುಗಳಲ್ಲಿ ಯಾವುದೊಂದೂ ತಾನೇ ತೀರ್ಪಲ್ಲ. ನಾಲ್ಕು ಲಕ್ಷಣಗಳು ಒಂದೇ ದಿಕ್ಕಿಗೆ ಬೆರಳು ಮಾಡಿದರೆ ನಂಬಬಹುದು.

ಲೋಹದ ವಿಷಯ. ಶುವಾನ್-ದೆ ಮುದ್ರೆಯ ಪಾತ್ರೆಗಳನ್ನು ಕಂಚಿನವು ಎನ್ನುವುದು ವಾಡಿಕೆ. ಆದರೆ ಅವುಗಳಲ್ಲಿ ಹೆಚ್ಚಿನವು ತಾಮ್ರಕ್ಕೆ ಸತು ಬೆರೆಸಿದ ಹಿತ್ತಾಳೆಯೇ. ಚಿನ್ನದ ಅಂಗಡಿಗಳಲ್ಲಿ ಈಗ ಕ್ಷ-ಕಿರಣದಿಂದ ಲೋಹ ಪರೀಕ್ಷಿಸುವ ಯಂತ್ರಗಳಿವೆ. ಪಾತ್ರೆಗೆ ಗಾಯವಾಗದಂತೆ ಅವು ಮೇಲ್ಮೈಯ ಲೋಹಗಳ ಪಾಲನ್ನು ಹೇಳುತ್ತವೆ. ಲೇಪವಿದ್ದರೆ ಅವು ಹೇಳುವುದು ಲೇಪದ ಸುದ್ದಿಯನ್ನು ಮಾತ್ರ ಎಂಬುದನ್ನು ಮರೆಯಬಾರದು.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಪಾತ್ರೆ ಪೆಟ್ಟಿಗೆಯಿಂದ ಹೊರಬಂದ ದಿನವೇ ನಾವು ಅದನ್ನು ಹುಣಿಸೆಹಣ್ಣು ಹಾಕಿ ಥಳಥಳ ಹೊಳೆಯುವಂತೆ ತಿಕ್ಕಿದ್ದೆವು. ಒಳಗೆ ದಪ್ಪಗೆ ಕಟ್ಟಿದ್ದ ಮಸಿಯನ್ನೂ ಚಮಚದಿಂದ ಕೆರೆದು ತೆಗೆದಿದ್ದೆವು. ಹಬ್ಬಕ್ಕೆ ಹಿತ್ತಾಳೆ ತಿಕ್ಕುವ ಮನೆಗಳಲ್ಲಿ ಬೆಳೆದವರಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ವಯಸ್ಸನ್ನು ಹೇಳುವ ಬಣ್ಣ, ಬಳಕೆಯನ್ನು ಹೇಳುವ ಮಸಿ ಎರಡೂ ಬಚ್ಚಲ ಮೋರಿಯಲ್ಲಿ ಹರಿದುಹೋದವು. ಆ ಮಸಿಯ ಬೆಲೆ ನಮಗೆ ತಿಳಿದುದು ಆಮೇಲೆ.

ಕಾಲುಗಳ ಸವೆತ ಅಲ್ಪ. ಅಕ್ಷರಗಳ ಅಂಚು ಇನ್ನೂ ಹರಿತ. ಪಾತ್ರೆಯ ಮೈ ಆರು ನೂರು ವರ್ಷದ ಸುದ್ದಿಯನ್ನು ಹೇಳುತ್ತಿರಲಿಲ್ಲ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ ಸರ್ ರತನ್ ಟಾಟಾ, ಸರ್ ದೊರಾಬ್ಜಿ ಟಾಟಾ ಅವರ ಸಂಗ್ರಹಗಳಿಂದ ಬಂದ ಚೀನ ಜಪಾನುಗಳ ಕಲಾವಸ್ತುಗಳಿವೆ. ಒಂದು ರವಿವಾರ ಅಲ್ಲಿ ಕಳೆದರೆ ಕಣ್ಣಿಗೆ ಅಭ್ಯಾಸವಾಗುತ್ತದೆ. ಒಳ್ಳೆಯ ಕೆಲಸ ಹೇಗಿರುತ್ತದೆಂದು ನೋಡಿದ ಮೇಲೆ ನಮ್ಮ ಪಾತ್ರೆಯ ಬಗ್ಗೆ ನಮ್ಮ ಗರ್ವ ಅರ್ಧ ಇಳಿಯಿತು.

ಉಳಿದೆರಡರ ಕಥೆ

ಕೆಟಲಿನ ತಳದಲ್ಲಿ ಬೆಳ್ಳಿಯ ಮುದ್ರೆಗಳಂತೆ ಕಾಣುವ ನಾಲ್ಕು ಪುಟ್ಟ ಚೌಕಗಳಿದ್ದವು. ಭೂತಗನ್ನಡಿ ಹಿಡಿದಾಗ ‘ಇ. ಪಿ. ಎನ್. ಎಸ್.’ ಎಂದು ಓದಲಾಯಿತು. ಎಂದರೆ ನಿಕಲ್ ಬೆಳ್ಳಿಯ ಮೇಲೆ ವಿದ್ಯುತ್ತಿನಿಂದ ನಿಜವಾದ ಬೆಳ್ಳಿಯ ಲೇಪ ಕೊಟ್ಟದ್ದು. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ ಮನೆತನದವರು ಈ ಲೇಪದ ಪೇಟೆಂಟ್ ಪಡೆದುದು 1840ರಲ್ಲಿ. ಆದುದರಿಂದ ಈ ಮುದ್ರೆಯ ಯಾವ ವಸ್ತುವೂ ಅದಕ್ಕಿಂತ ಹಳೆಯದಾಗಿರಲಾರದು. ಒಳಗಿನ ಲೋಹವೆಂದರೆ ನಮ್ಮ ಮನೆಗಳಲ್ಲಿ ‘ಜರ್ಮನ್ ಸಿಲ್ವರ್’ ಎನ್ನುವ ಅದೇ ಲೋಹ. ಅದರಲ್ಲಿರುವುದು ತಾಮ್ರ, ನಿಕಲ್, ಸತು. ಬೆಳ್ಳಿ ಎಳ್ಳಷ್ಟೂ ಇಲ್ಲ.

ಸ್ವಾರಸ್ಯವೆಂದರೆ ಜರ್ಮನ್ ಸಿಲ್ವರಿನ ಮೂಲ ಜರ್ಮನಿಯಲ್ಲ, ಚೀನವೇ! ಚೀನದವರು ಬಹು ಹಿಂದಿನಿಂದ ‘ಬಿಳಿ ತಾಮ್ರ’ವೆಂಬ ಇಂಥ ಮಿಶ್ರಲೋಹ ಮಾಡುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಅದು ಕ್ಯಾಂಟನ್ನಿನಿಂದ ‘ಪಕ್‌ಟಾಂಗ್’ ಎಂಬ ಹೆಸರಿನಲ್ಲಿ ಇಂಗ್ಲೆಂಡಿಗೆ ಹೋಗಿ ಮೋಂಬತ್ತಿಯ ಕಂಬಗಳಾಯಿತು. ಅದರ ಗುಟ್ಟನ್ನು ಹುಡುಕುತ್ತ ಹೊರಟ ಜರ್ಮನರು 1823ರ ಸುಮಾರಿಗೆ ಅದನ್ನು ತಾವೇ ಮಾಡಿದರು, ಹೆಸರೂ ಅವರದಾಯಿತು. ಹೀಗೆ ನಮ್ಮ ಕೆಟಲ್ ಚೀನದ್ದಲ್ಲ. ಆದರೆ ಅದರ ಲೋಹದ ಕುಲ ಚೀನದ್ದು.

ಕಪ್ಪು ಹೂಜಿಯ ಸಂಗತಿ ನಮಗೆ ನಾಚಿಕೆ ತಂದಿತು. ಅದರ ಬಾಯೊಳಗೆ, ಕಪ್ಪು ಹತ್ತದ ಕಡೆ, ಲೋಹ ಹಳದಿಯಾಗಿರಲಿಲ್ಲ, ಬೂದುಬಿಳುಪಾಗಿತ್ತು. ಎಂದರೆ ಅದು ಕಂಚೂ ಅಲ್ಲ, ಹಿತ್ತಾಳೆಯೂ ಅಲ್ಲ, ಸತು. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಎರಕ ಹೊಯ್ದು, ಕೊರೆದ ಗೆರೆಗಳಲ್ಲಿ ಬೆಳ್ಳಿ ಕೂರಿಸಿ, ಹಳೆಯ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಬೆರೆಸಿದ ನೀರಿನಲ್ಲಿ ಕಪ್ಪಾಗಿಸುವ ಈ ಕೆಲಸ ನಮ್ಮ ಬೀದರಿನದೇ. ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಿದರಿ ಕೆಲಸಕ್ಕೆ 2006ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಕನ್ನಡ ಸಂಘದ ಸದಸ್ಯರಾದ ನಾವು ಕನ್ನಡ ನೆಲದ ವಸ್ತುವನ್ನು ಚೀನದ್ದೆಂದುಕೊಂಡಿದ್ದೆವು! ಅದನ್ನು ಹುಣಿಸೆಹಣ್ಣಿಗೆ ಒಡ್ಡದೆ ಉಳಿದುದು ದೊಡ್ಡ ಪುಣ್ಯ. ಹುಳಿ ತಾಗಿದರೆ ಕಪ್ಪು ಕೆಡುತ್ತದೆ.

ಮನೆ ಏನು ಹೇಳುತ್ತದೆ?

ಇಷ್ಟಾದರೂ ಧೂಪಪಾತ್ರೆಯ ಕಾಲ ಖಚಿತವಾಗಲಿಲ್ಲ. ಕೊನೆಗೆ ಯಾರಿಗೂ ಮೊದಲು ಹೊಳೆಯದ ಒಂದು ಮಾತು ಹೊಳೆಯಿತು: ಕಲ್ಯಾಣದಲ್ಲಿ ಮಗನ ಮನೆಯಲ್ಲಿರುವ ಸೋದರತ್ತೆಯನ್ನು ಕೇಳಿದರೇನು? ತೊಂಬತ್ತರ ಹತ್ತಿರದ ವಯಸ್ಸು. ಕಿವಿ ಮಂದ, ಕಣ್ಣು ಚುರುಕು. ನೆನಪು ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ.

ಪಾತ್ರೆಯನ್ನು ಮಡಿಲಲ್ಲಿಟ್ಟೊಡನೆ ಅತ್ತೆ ಅದರೊಳಗೆ ಬೆರಳಾಡಿಸಿದರು. “ಇದರ ಮಸಿ ಎಲ್ಲಿ ಹೋಯಿತು ಮಕ್ಕಳೇ?” ಎಂದು ಕೇಳಿದರು. ತಿಕ್ಕಿದೆವೆಂದು ಹೇಳಲು ನಮ್ಮ ಬಾಯಿ ಏಳಲಿಲ್ಲ.

ಅವರು ಹೇಳಿದುದು ಇಷ್ಟು. ಅವರ ಅಜ್ಜ, ಎಂದರೆ ನಮ್ಮ ಮುತ್ತಜ್ಜ, ಮುಂಬಯಿಯಿಂದ ಹಾಂಗ್‌ಕಾಂಗಿಗೆ ಹೋಗುವ ಹಡಗಿನಲ್ಲಿ ಅಡಿಗೆಯ ಕೆಲಸಕ್ಕಿದ್ದರು. ಕೊನೆಯ ಸಲ ಊರಿಗೆ ಬಂದಾಗ ಇದನ್ನು ತಂದರು. ಮತ್ತೆ ಹಡಗು ಹತ್ತಲಿಲ್ಲ. ಮುತ್ತಜ್ಜಿ ಇದನ್ನು ಬಾಣಂತಿಯ ಕೋಣೆಗಿಟ್ಟರು. ಮನೆಯಲ್ಲಿ ಕೂಸು ಹುಟ್ಟಿದಾಗಲೆಲ್ಲ ಮಿಂದ ಕೂಸಿಗೆ ಇದರಲ್ಲಿಯೇ ಸಾಂಬ್ರಾಣಿಯ ಹೊಗೆ. “ನಿಮ್ಮಪ್ಪ ಹುಟ್ಟಿದಾಗ ಒಲೆಯಿಂದ ಕೆಂಡ ತಂದು ಹಾಕಿದವಳು ನಾನೇ. ಸಣ್ಣವಳು, ಕೈ ಸುಟ್ಟುಕೊಂಡೆ” ಎಂದು ಅತ್ತೆ ಬಲಗೈ ತೋರಿಸಿದರು. ನಾವು ಕೆರೆದು ಬಿಸಾಡಿದ ಮಸಿ ಮೂರು ತಲೆಮಾರಿನ ಕೂಸುಗಳದು. ನಮ್ಮ ತಂದೆಯವರದೂ ಅದರಲ್ಲಿತ್ತು.

“ವರ್ಷ ಯಾವುದು ಅತ್ತೆ?” ಎಂದಾಗ ಅವರು, “ಹೆಸರು ಹಾಕಿಸಿದ್ದಾರಲ್ಲ, ಓದಲು ಬರುವುದಿಲ್ಲವೆ?” ಎಂದರು.

ಹೆಸರೆಲ್ಲಿದೆ? ಆರು ಚೀನೀ ಅಕ್ಷರಗಳ ಮೇಲೆಯೇ ಕಣ್ಣಿಟ್ಟಿದ್ದ ನಾವು ಕಿವಿಯ ಕೆಳಗೆ ನೋಡಿರಲಿಲ್ಲ. ಅಲ್ಲಿ, ಪಾತ್ರೆಯಂಗಡಿಯವರು ಮೊಳೆಯಿಂದ ಚುಕ್ಕೆ ಚುಕ್ಕೆಯಾಗಿ ಹೊಡೆಯುತ್ತಾರಲ್ಲ, ಆ ರೀತಿಯಲ್ಲಿ ಮುತ್ತಜ್ಜಿಯ ಹೆಸರಿನ ಮೊದಲಕ್ಷರ. ಅದರ ಮುಂದೆ ‘ದುಂದುಭಿ ಸಂ.’ ಎಂದಿತ್ತು. ತಿಕ್ಕಿದ ರಭಸಕ್ಕೆ ಚುಕ್ಕೆಗಳು ಮಸುಕಾಗಿದ್ದವು. ದೀಪವನ್ನು ಓರೆಯಾಗಿ ಹಿಡಿದಾಗ ಓದಲು ಬಂತು.

ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ದುಂದುಭಿ 1862–63ರಲ್ಲಿ ಬಂದಿತ್ತು, ಮತ್ತೆ 1922–23ರಲ್ಲಿ, ಮತ್ತೆ 1982–83ರಲ್ಲಿ. ಮೊದಲನೆಯದರಲ್ಲಿ ಮುತ್ತಜ್ಜಿ ಹುಟ್ಟಿರಲಿಲ್ಲ, ಮೂರನೆಯದರಲ್ಲಿ ಬದುಕಿರಲಿಲ್ಲ. ಉಳಿದುದು 1922–23. ಅಷ್ಟರೊಳಗೆ ಪಾತ್ರೆ ಕುಮಟೆಗೆ ಬಂದಾಗಿತ್ತು. ಸವೆತವನ್ನೂ ಅಕ್ಷರದ ಹರಿತವನ್ನೂ ಇದರೊಡನೆ ಕೂಡಿಸಿ ನೋಡಿದರೆ, ಮುತ್ತಜ್ಜ ಅದನ್ನು ಹೆಚ್ಚು ಹಳೆಯದಾಗಿ ಕೊಂಡಿರಲಾರರು. ಇಪ್ಪತ್ತನೆಯ ಶತಮಾನದ ಆರಂಭದ, ಬಂದರಿನ ಪೇಟೆಯಲ್ಲಿ ಸಿಗುವ ಸಾಧಾರಣ ಪಾತ್ರೆ ಎಂಬುದೇ ನಮ್ಮ ನಿರ್ಣಯ. ತಿಳಿದವರಿಗೆ ತೋರಿಸಿದಾಗ ಅವರೂ ಅದನ್ನೇ ಹೇಳಿದರು.

ಚೀನದವರೂ ನಮ್ಮಂತೆಯೇ ಅರವತ್ತು ವರ್ಷದ ಚಕ್ರದಿಂದ ಕಾಲ ಎಣಿಸುತ್ತಾರೆಂಬುದು ಆಮೇಲೆ ತಿಳಿದು ನಮಗೆ ಸಂತೋಷವಾಯಿತು. ಅವರ ಚಕ್ರ 1924ರಲ್ಲ್ಲೊಮ್ಮೆ, 1984ರಲ್ಲೊಮ್ಮೆ ಹೊಸದಾಗಿ ತೊಡಗಿತು. ನಮ್ಮ ಪ್ರಭವ ಸಂವತ್ಸರ 1927ರಲ್ಲಿ, 1987ರಲ್ಲಿ. ಚೀನದ ಕೆಲವು ವಸ್ತುಗಳ ಮೇಲೆ ದೊರೆಯ ಹೆಸರಿನ ಬದಲು ಈ ಚಕ್ರದ ವರ್ಷವಿರುವುದುಂಟು. ಅಲ್ಲಿಯೂ ಇದೇ ತೊಡಕು: ಯಾವ ಅರವತ್ತು? ಅದನ್ನು ವಸ್ತು ಹೇಳುವುದಿಲ್ಲ. ಅದನ್ನು ಬಲ್ಲ ಮನುಷ್ಯರು ಬೇಕು.

ಕಾಯಿದೆಯ ಮಾತು

ಮಿಂಗ್ ಹೋಯಿತು, ಲಕ್ಷಗಳೂ ಹೋದವು. ಪಾತ್ರೆಯನ್ನು ಅಮೇರಿಕೆಯ ಮಗುವಿಗೆ ಕೊಟ್ಟುಬಿಡೋಣವೆಂದು ತಂಗಿಯೂ ನಾವೂ ಒಪ್ಪಿದೆವು. ಆಗ ಇನ್ನೊಂದು ಸಂಗತಿ ಎದುರಾಯಿತು. ನಮ್ಮ ದೇಶದ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ಅದರಂತೆ ನೂರು ವರ್ಷಕ್ಕೆ ಕಡಮೆಯಿಲ್ಲದ ಕಲೆ ಕುಶಲಕೆಲಸದ ವಸ್ತುಗಳು ಪುರಾವಸ್ತುಗಳು. ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅವುಗಳ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಸರಕಾರ ಗೊತ್ತುಪಡಿಸಿದ ಕೆಲವು ಬಗೆಯ ವಸ್ತುಗಳನ್ನು ಮನೆಯಲ್ಲಿಟ್ಟುಕೊಂಡವರೂ ನೋಂದಾಯಿಸಬೇಕು. ವಸ್ತುವಿನ ವಯಸ್ಸು ಸಂಶಯವಾಗಿದ್ದರೆ ಅದು ಪುರಾವಸ್ತು ಅಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯಬೇಕು. ಆ ಇಲಾಖೆಯ ಮುಂಬಯಿ ವಿಭಾಗದ ಕಚೇರಿ ಸಾಯನ್ ಕೋಟೆಯಲ್ಲಿದೆ. ಮಕ್ಕಳು ಪರದೇಶದಲ್ಲಿರುವವರು ಹಳೆಯ ವಸ್ತುವನ್ನು ಪೆಟ್ಟಿಗೆಗೆ ಹಾಕುವ ಮುನ್ನ ವಿಚಾರಿಸುವುದು ಕ್ಷೇಮ. ವಿಮಾನ ನಿಲ್ದಾಣದಲ್ಲಿ ತಿಳಿಯುವುದಕ್ಕಿಂತ ಮನೆಯಲ್ಲಿ ತಿಳಿಯುವುದು ಮೇಲು.

ಸಂಶಯವಿದ್ದಿದ್ದರೆ ನಾವೂ ಪ್ರಮಾಣಪತ್ರಕ್ಕಾಗಿ ಹೋಗುತ್ತಿದ್ದೆವೋ ಏನೋ. ಆದರೆ ಮುತ್ತಜ್ಜಿ ಸಂಶಯಕ್ಕೆ ಎಡೆಯನ್ನೇ ಉಳಿಸಿರಲಿಲ್ಲ. ತನ್ನ ಪಾತ್ರೆ ನೆರೆಮನೆಯವರ ಪಾತ್ರೆಯೊಡನೆ ಬೆರೆಯದಿರಲೆಂದು ಆಕೆ ಹೊಡೆಸಿದ ಚುಕ್ಕೆಗಳೇ ಅದಕ್ಕೆ ನೂರು ವರ್ಷ ತುಂಬಿತೆಂದು ಸಾಕ್ಷಿ ನುಡಿದವು. ಪಾತ್ರೆ ಇಲ್ಲಿಯೇ ಉಳಿಯಿತು. ಅಣ್ಣನ ಮಗಳಿಗೆ ಅದರ ಚಿತ್ರವನ್ನೂ ಅತ್ತೆಯ ಮಾತುಗಳನ್ನೂ ಕಳುಹಿಸಿದೆವು. ಕಳೆದ ಮಳೆಗಾಲದಲ್ಲಿ ಅವಳಿಗೆ ಹೆಣ್ಣುಮಗು ಹುಟ್ಟಿತು. ಮಗುವನ್ನು ಕರೆದುಕೊಂಡು ಊರಿಗೆ ಬರುವಾಗ ಹೊಗೆ ಹಾಕುವುದಕ್ಕೆ ಪಾತ್ರೆ ತೆಗೆದಿಡಿ ಎಂದು ಅವಳೇ ಫೋನು ಮಾಡಿದಳು. ಈ ವರ್ಷ ಚೌತಿಗೆ ನೆರೂಳಿನವರೂ ಠಾಣೆಯವರೂ ನಮ್ಮಲ್ಲಿಯೇ ಉಂಡರು.

ವಾಚಕರಲ್ಲಿ ಒಂದು ಬಿನ್ನಹ

ನಿಮ್ಮ ಪೆಟ್ಟಿಗೆಯಲ್ಲಿಯೂ ಇಂಥದೇನಾದರೂ ಇದ್ದರೆ ಮೊದಲು ತಿಕ್ಕಬೇಡಿ. ಒಣ ಹತ್ತಿ ಬಟ್ಟೆಯಿಂದ ಒರಸಿದರೆ ಸಾಕು. ನಮ್ಮ ಕಡೆಯ ಮಳೆಗಾಲದ ತೇವ ಹಿತ್ತಾಳೆ ತಾಮ್ರಗಳಿಗೆ ಹಸುರು ಕಿಲುಬು ಹಿಡಿಸುತ್ತದೆ. ಒಣ ಜಾಗದಲ್ಲಿ, ಬಟ್ಟೆ ಸುತ್ತಿ ಇಡಿ. ತಳ, ಕಿವಿ, ಬಾಯಿ, ಒಳಮೈ ಎಲ್ಲದರ ಚಿತ್ರ ತೆಗೆಯಿರಿ; ಅಗಲ, ಎತ್ತರ, ತೂಕ ಬರೆದಿಡಿ. ದೀಪವನ್ನು ಓರೆಯಾಗಿ ಹಿಡಿದು ಚುಕ್ಕೆಯ ಅಕ್ಷರಗಳನ್ನು ಹುಡುಕಿರಿ. ಚೀನದ್ದಿರಲಿ, ಬೀದರಿನದಿರಲಿ, ಪೂನಾ ಪೇಟೆಯದಿರಲಿ, ಎಲ್ಲಕ್ಕೂ ಇದು ಒಂದೇ.

ಇವೆಲ್ಲವನ್ನೂ ನಾಳೆ ಮಾಡಿದರೂ ನಡೆದೀತು. ಲೋಹ ಕಾಯುತ್ತದೆ, ಮುದ್ರೆಯನ್ನು ಓದಬಲ್ಲ ಪಂಡಿತರು ಮುಂದೆಯೂ ಸಿಗುತ್ತಾರೆ. ಕಾಯದಿರುವುದು ಒಂದೇ. ಮನೆಯ ಹಿರಿಯರ ಮುಂದೆ ಆ ವಸ್ತುವನ್ನು ಇಂದೇ ಇಡಿ. ಯಾರು ತಂದರು, ಎಲ್ಲಿಂದ ತಂದರು, ಯಾರ ಮದುವೆಗೆ, ಯಾರ ಬಾಣಂತನಕ್ಕೆ ಎಂದು ಕೇಳಿ, ಅವರ ಮಾತಿನಲ್ಲಿಯೇ ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಪಾತ್ರೆಯೊಳಗೆ ಮಡಿಸಿಡಿ. ನಾವು ಕಲ್ಯಾಣಕ್ಕೆ ಹೋದ ದಿನ ಅತ್ತೆಗೆ ನೆನಪಿನ ದಿನವಾಗಿತ್ತು. ಈಗ ಹೋದರೆ ಅವರು ನಮ್ಮನ್ನು ಗುರುತಿಸುವುದಿಲ್ಲ. ಪಾತ್ರೆಯನ್ನು ಕೈಗೆ ಕೊಟ್ಟರೆ ಮಾತ್ರ ಒಳಗೆ ಬೆರಳಾಡಿಸಿ ಮಸಿ ಹುಡುಕುತ್ತಾರೆ.